ಮಧ್ಯಯುಗದ ಇಂಗ್ಲೆಂಡಿನ ಬೆಳ್ಳಿಯ ನಾಣ್ಯಗಳು

ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯುವರು. ಹಳೆಯ ಕಾಲದ ಪುಸ್ತಕಗಳನ್ನು ಬರೆದವರಾದರೋ ಬಹುಮಟ್ಟಿಗೆ ಗೆದ್ದವರ ಅನ್ನವನ್ನುಂಡವರು. ನಾಣ್ಯವೂ ಅರಸನ ಅಪ್ಪಣೆಯಿಂದಲೇ ಹುಟ್ಟಿದುದು ನಿಜ. ಆದರೆ ಅದು ಸಂತೆಯಲ್ಲಿ ಸಾವಿರ ಕೈಗಳನ್ನು ದಾಟಿ, ಸವೆದು, ತುಂಡಾಗಿ, ಮಣ್ಣಿನಲ್ಲಿ ಹೂತುಹೋಗಿ, ಅರಸನು ಹೇಳಬಯಸದ ಸಂಗತಿಗಳನ್ನೂ ಮೈಮೇಲೆ ಹೊತ್ತು ಹೊರಕ್ಕೆ ಬರುತ್ತದೆ. ಅಂತಹ ಒಂದು ನಾಣ್ಯವನ್ನು, ಇಂಗ್ಲೆಂಡಿನ ಬೆಳ್ಳಿಯ ಪೆನ್ನಿಯನ್ನು, ಓದಿ ಗುರುತಿಸುವ ಬಗೆಯನ್ನು ಈ ಪಾಠದಲ್ಲಿ ತಿಳಿಸಲಾಗುವುದು.

ನಮ್ಮ ವರಾಹ, ಹಣಗಳಿರುವಾಗ ದೂರದ ದೇಶದ ನಾಣ್ಯವೇಕೆ ಎಂದು ತಂದೆತಾಯಿಗಳು ಕೇಳಬಹುದು. ದಕ್ಷಿಣ ಭಾರತದ ಅರಸರು ಚಿನ್ನ, ತಾಮ್ರ, ಅಲ್ಪಸ್ವಲ್ಪ ಬೆಳ್ಳಿ ಎಲ್ಲದರಲ್ಲಿಯೂ ಬಗೆಬಗೆಯ ನಾಣ್ಯಗಳನ್ನು ಹಾಕಿಸಿದರು. ಇಂಗ್ಲೆಂಡು ಎಂಟನೆಯ ಶತಮಾನದಿಂದ ೧೨೭೯ರವರೆಗೆ ಬಹುಮಟ್ಟಿಗೆ ಒಂದೇ ಒಂದು ನಾಣ್ಯದಿಂದ ಬದುಕಿತು. ಒಂದೇ ವಸ್ತುವು ಐದು ನೂರು ವರ್ಷಗಳಲ್ಲಿ ಹೇಗೆ ಹೇಗೆ ಬದಲಾಯಿತೆಂಬುದನ್ನು ನೋಡುವವನಿಗೆ ನಾಣ್ಯಶಾಸ್ತ್ರದ ವರ್ಣಮಾಲೆ ಸುಲಭವಾಗಿ ತಿಳಿಯುತ್ತದೆ. ಆ ಕಣ್ಣು ಬಂದ ಮೇಲೆ ಯಾವ ದೇಶದ ನಾಣ್ಯವನ್ನಾದರೂ ಓದಬಹುದು.

ಮೊದಲು ನಾಣ್ಯದ ಲೆಕ್ಕ. ಒಂದು ಪೌಂಡು ತೂಕದ ಬೆಳ್ಳಿಯಿಂದ ೨೪೦ ಪೆನ್ನಿಗಳು. ಹನ್ನೆರಡು ಪೆನ್ನಿಗೆ ಒಂದು ಷಿಲ್ಲಿಂಗು, ಇಪ್ಪತ್ತು ಷಿಲ್ಲಿಂಗಿಗೆ ಒಂದು ಪೌಂಡು. ನಮ್ಮಲ್ಲಿ ೧೯೫೭ರವರೆಗೆ ಹನ್ನೆರಡು ಪೈಗೆ ಒಂದು ಆಣೆಯೆಂದು ಮನೆಯ ಅಜ್ಜಂದಿರು ಎಣಿಸಿದಂತೆಯೇ ಅವರೂ ೧೯೭೧ರವರೆಗೆ ಎಣಿಸಿದರು. ಪೆನ್ನಿಯ ತೂಕ ಸುಮಾರು ೧.೪ ಗ್ರಾಂ, ನಮ್ಮ ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ ಹನ್ನೆರಡು ಗುಲಗಂಜಿ. ಸಾವಿರ ಪಾಲಿನಲ್ಲಿ ೯೨೫ ಪಾಲು ಶುದ್ಧ ಬೆಳ್ಳಿ; ಉಳಿದುದು ಮುಖ್ಯವಾಗಿ ತಾಮ್ರ. ತೆಳ್ಳನೆಯ ಹಾಳೆಯಂತಹ ಈ ನಾಣ್ಯವನ್ನು ಬೆರಳಿನಿಂದ ಬಾಗಿಸಲೂಬಹುದು.

ಅದನ್ನು ಯಂತ್ರದಿಂದ ಮಾಡುತ್ತಿರಲಿಲ್ಲ. ಕಮ್ಮಟದಲ್ಲಿ ಕೆಳಗಿನ ಅಚ್ಚನ್ನು ಮರದ ದಿಮ್ಮಿಯಲ್ಲಿ ನೆಟ್ಟು, ಅದರ ಮೇಲೆ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಆದುದರಿಂದ ಯಾವ ಎರಡು ನಾಣ್ಯಗಳೂ ಪೂರ್ತಿಯಾಗಿ ಒಂದೇ ತೆರನಾಗಿರುವುದಿಲ್ಲ. ಚಿತ್ರ ಒಂದು ಕಡೆಗೆ ಸರಿದಿರುತ್ತದೆ. ಅಕ್ಷರಗಳು ಅರ್ಧ ಮೂಡಿ ಅರ್ಧ ಮೂಡಿರುವುದಿಲ್ಲ. ಒಮ್ಮೊಮ್ಮೆ ಎರಡು ಏಟು ಬಿದ್ದು ಅರಸನಿಗೆ ಎರಡು ಮೂಗು ಬಂದಿರುತ್ತದೆ. ಇವು ದೋಷಗಳಲ್ಲ, ಕೈಕೆಲಸದ ಗುರುತುಗಳು. ಇನ್ನೊಂದು ಸಂಗತಿ: ಮಧ್ಯಯುಗದ ಇಂಗ್ಲಿಷ್ ನಾಣ್ಯದ ಮೇಲೆ ಇಸವಿ ಇರುವುದೇ ಇಲ್ಲ. ಆ ದೇಶದ ಬೆಳ್ಳಿಯ ನಾಣ್ಯದ ಮೇಲೆ ವರ್ಷವನ್ನು ಹಾಕಿದ್ದು ಮೊದಲಿಗೆ ಸುಮಾರು ೧೫೪೮ರಲ್ಲಿ. ಕಾಲವನ್ನು ನಾವೇ ಕಂಡುಕೊಳ್ಳತಕ್ಕದ್ದು.

ಮರ್ಸಿಯ ಎಂಬ ನಾಡನ್ನು ೭೫೭ರಿಂದ ೭೯೬ರವರೆಗೆ ಆಳಿದ ಆಫ ಎಂಬ ಅರಸನ ಹೆಸರಿನಲ್ಲಿ ಈ ಅಗಲವಾದ ತೆಳು ಪೆನ್ನಿ ದೇಶದಲ್ಲಿ ಬೇರೂರಿತು. ಸುಮಾರು ೯೭೩ರಲ್ಲಿ ಎಡ್ಗರ್ ಎಂಬ ಅರಸನು ಮಾಡಿದ ವ್ಯವಸ್ಥೆಯು ಇದಕ್ಕಿಂತಲೂ ಮುಖ್ಯವಾದುದು. ರಾಜ್ಯದ ಹತ್ತಾರು ಊರುಗಳ ಕಮ್ಮಟಗಳಲ್ಲಿ ಒಂದೇ ಮಾದರಿಯ ನಾಣ್ಯವನ್ನು ಹಾಕಬೇಕು. ಒಂದು ಬದಿಯಲ್ಲಿ ಅರಸನ ಮುಖ ಮತ್ತು ಹೆಸರು, ಮತ್ತೊಂದು ಬದಿಯಲ್ಲಿ ನಾಣ್ಯವನ್ನು ಹಾಕಿದ ಕಮ್ಮಟಿಗನ ಹೆಸರು ಮತ್ತು ಊರು ಇರಬೇಕು. ಕೆಲವು ವರ್ಷಗಳಿಗೊಮ್ಮೆ ಮಾದರಿಯನ್ನು ಬದಲಿಸಿ, ಹಳೆಯದನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಡುತ್ತಿದ್ದರು. ಬದಲಿಸುವಾಗ ಅರಸನ ಬೊಕ್ಕಸಕ್ಕೆ ಒಂದು ಪಾಲು ಸಲ್ಲುತ್ತಿದ್ದಿತೆಂಬುದನ್ನು ಹೇಳಬೇಕಾಗಿಲ್ಲ. ಕಮ್ಮಟಿಗನ ಹೆಸರನ್ನು ಹಾಕಿಸಿದ್ದು ಗೌರವಕ್ಕಾಗಿ ಅಲ್ಲ. ಬೆಳ್ಳಿ ಕಡಮೆಯಾದರೆ ಹಿಡಿಯುವುದಕ್ಕಾಗಿ. ಒಂದನೆಯ ಹೆನ್ರಿಯ ಕಾಲದಲ್ಲಿ ನಾಣ್ಯ ಕೆಟ್ಟುಹೋಗಿ ಜನರು ಗೊಣಗಿದಾಗ, ೧೧೨೪ರ ಕ್ರಿಸ್ಮಸ್ ಸಮಯದಲ್ಲಿ ದೇಶದ ಕಮ್ಮಟಿಗರನ್ನು ವಿಂಚೆಸ್ಟರಿಗೆ ಕರೆಸಿ ಅವರ ಬಲಗೈಯನ್ನು ಕಡಿಸಿದರೆಂದು ಅಂದಿನ ವೃತ್ತಾಂತವು ಹೇಳುತ್ತದೆ. ಕೈಯಲ್ಲಿ ಹಿಡಿದ ಪುಟ್ಟ ಬಿಲ್ಲೆಯ ಹಿಂಬದಿಯಲ್ಲಿ ಒಬ್ಬ ಕಸಬುದಾರನ ಹೆಸರನ್ನು ಓದುವಾಗ, ಆ ಹೆಸರು ಅಲ್ಲಿರುವುದೇಕೆಂಬುದನ್ನು ನೆನೆಯಬೇಕು.

ಬರಹವನ್ನು ಓದುವುದು ಮೊದಲಿಗೆ ಕಷ್ಟ. ಬದಿಯಲ್ಲಿ ಸಣ್ಣ ಶಿಲುಬೆಯ ಗುರುತೊಂದು ಇರುತ್ತದೆ. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವಂತೆ ಓದತಕ್ಕದ್ದು. ‘ಹೆನ್ರಿಕಸ್ ರೆಕ್ಸ್’ ಎಂದರೆ ಹೆನ್ರಿ ಅರಸ. ಹಿಂಬದಿಯಲ್ಲಿ ‘ವಿಲ್ಲೆಲ್ಮ್ ಆನ್ ಲುಂಡೆ’ ಎಂದರೆ ಲಂಡನ್ನಿನ ಕಮ್ಮಟಿಗ ವಿಲಿಯಂ. ಇಲ್ಲಿ ಗಡಿನಾಡಿನ ನಮ್ಮ ಮಕ್ಕಳಿಗೆ ಹಿತವಾಗುವ ಒಂದು ಮಾತಿದೆ. ೧೦೬೬ರ ತರುವಾಯ ಇಂಗ್ಲೆಂಡಿನ ಅರಸರ ಮನೆಮಾತು ಫ್ರೆಂಚ್. ಜನರ ಮಾತು ಇಂಗ್ಲಿಷ್. ನಾಣ್ಯದ ಬಿರುದಿನ ಮಾತು ಲ್ಯಾಟಿನ್. ಆದರೂ ಕಮ್ಮಟಿಗನ ಹೆಸರಿಗೂ ಊರಿಗೂ ನಡುವೆ ‘ಆನ್’ ಎಂಬ ಪುಟ್ಟ ಇಂಗ್ಲಿಷ್ ಪದವು ಎರಡು ನೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದುಕೊಂಡಿತು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆಯನ್ನಾಡುವ ನಾವು ಇದನ್ನು ಬೇಗನೆ ಅರ್ಥಮಾಡಿಕೊಳ್ಳಬಲ್ಲೆವು.

ವಿಲಿಯಂ ದೊರೆಯ ನಾಣ್ಯವನ್ನು ಮೊದಲ ಬಾರಿಗೆ ಓದುವವನು ‘ಪಿಲ್ಲೆಲ್ಮ್’ ಎಂದು ಓದಿ ಬೆರಗಾಗುತ್ತಾನೆ. ‘ಡಬ್ಲ್ಯೂ’ ಅಕ್ಷರದ ಧ್ವನಿಗೆ ಹಳೆಯ ಇಂಗ್ಲಿಷಿನಲ್ಲಿ ‘ಪಿ’ ಅಕ್ಷರವನ್ನೇ ಹೋಲುವ ಬೇರೊಂದು ಅಕ್ಷರವಿದ್ದಿತು. ಅಂತಹ ‘ಪಿ’ ಕಂಡರೆ ನಾಣ್ಯವು ಹಳೆಯದೆಂದು ಊಹಿಸಬಹುದು.

ಈಗ ಗುರುತಿಸುವ ಮುಖ್ಯ ಸೂತ್ರಕ್ಕೆ ಬರೋಣ. ಅರಸನ ಮುಖವನ್ನು ನಂಬಬೇಡಿರಿ; ಅದು ಯಾರ ಮುಖವೂ ಅಲ್ಲ, ‘ಅರಸ’ ಎಂಬುದರ ಚಿಹ್ನೆ ಮಾತ್ರ. ಹೆಸರನ್ನೂ ಪೂರ್ತಿ ನಂಬಬಾರದು. ನಾಣ್ಯವನ್ನು ತಿರುಗಿಸಿ ಹಿಂಬದಿಯ ಶಿಲುಬೆಯನ್ನು ನೋಡಬೇಕು. ಶಿಲುಬೆಯ ತೋಳುಗಳು ಜೋಡಿಗೆರೆಗಳಿಂದಾಗಿ, ಬರಹದ ವೃತ್ತದ ಒಳಗೇ ನಿಂತು, ಪ್ರತಿ ಮೂಲೆಯಲ್ಲಿ ನಾಲ್ಕು ಚುಕ್ಕೆಗಳ ಸಣ್ಣ ಗುಂಪು ಇದ್ದರೆ ಅದು ೧೧೮೦ರಿಂದ ೧೨೪೭ರವರೆಗಿನ ‘ಗಿಡ್ಡ ಶಿಲುಬೆ’ಯ ಪೆನ್ನಿ. ಜೋಡಿಗೆರೆಯ ತೋಳುಗಳು ಅಂಚಿನವರೆಗೆ ಚಾಚಿ, ಮೂಲೆಗೆ ಮೂರು ಮೂರು ಚುಕ್ಕೆಗಳಿದ್ದರೆ ೧೨೪೭ರಿಂದ ೧೨೭೯ರವರೆಗಿನ ‘ಉದ್ದ ಶಿಲುಬೆ’. ಅಂಚನ್ನು ಮುಟ್ಟುವ ತೋಳು ಜೋಡಿಗೆರೆಯಾಗಿರದೆ ಒಂದೇ ತುಂಬುಗೆರೆಯಾಗಿದ್ದು, ಮೂಲೆಗೆ ಮೂರು ಚುಕ್ಕೆಗಳಿದ್ದರೆ ೧೨೭೯ರ ಅನಂತರದ್ದು. ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು.

ಶಿಲುಬೆಯು ಉದ್ದವಾದುದಕ್ಕೆ ಕಾರಣವುಂಟು. ಕಳ್ಳರು ನಾಣ್ಯದ ಅಂಚನ್ನು ಕತ್ತರಿಯಿಂದ ಕತ್ತರಿಸಿ, ಚೂರುಗಳನ್ನು ಕರಗಿಸಿ, ಕಿರಿದಾದ ನಾಣ್ಯವನ್ನು ಪೂರ್ತಿ ಬೆಲೆಗೆ ಚಲಾಯಿಸುತ್ತಿದ್ದರು. ಶಿಲುಬೆಯ ತುದಿ ಅಂಚನ್ನು ಮುಟ್ಟುತ್ತಿದ್ದರೆ ಕತ್ತರಿಸಿದುದು ಗೊತ್ತಾಗುವುದೆಂದು ಎಣಿಸಿದರು. ಕಳ್ಳತನ ಮಾತ್ರ ನಿಲ್ಲಲಿಲ್ಲ. ಇದರ ದಂಡವನ್ನು ಯಾರು ತೆತ್ತರೆಂಬುದು ದುಃಖದ ಕಥೆ. ೧೨೭೮ರ ನವೆಂಬರಿನಲ್ಲಿ ಒಂದನೆಯ ಎಡ್ವರ್ಡನು ದೇಶದ ಯೆಹೂದ್ಯರನ್ನು ಈ ಅಪರಾಧದ ಮೇಲೆ ಸೆರೆಹಿಡಿಸಿದನು. ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಲಾಯಿತು. ಅದೇ ಆರೋಪಕ್ಕೆ ಒಳಗಾದ ಕ್ರೈಸ್ತರಲ್ಲಿ ಹೆಚ್ಚಿನವರು ದಂಡ ತೆತ್ತು ಪಾರಾದರು. ೧೨೯೦ರಲ್ಲಿ ಯೆಹೂದ್ಯರೆಲ್ಲರನ್ನೂ ದೇಶದಿಂದ ಹೊರದೂಡಿದರು. ಅಂಚು ಕತ್ತರಿಸಿದ ಉದ್ದ ಶಿಲುಬೆಯ ಪೆನ್ನಿಗಳನ್ನು ಸಂಗ್ರಹಕಾರರು ಅಗ್ಗವೆಂದು ಬದಿಗೆ ತಳ್ಳುವುದುಂಟು. ಇತಿಹಾಸದ ವಿದ್ಯಾರ್ಥಿ ಅವುಗಳನ್ನೇ ಮೊದಲು ಎತ್ತಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಚಿಲ್ಲರೆಯ ತೊಂದರೆಗೂ ಶಿಲುಬೆಯೇ ಪರಿಹಾರವಾಗಿದ್ದಿತು. ಅರ್ಧ ಪೆನ್ನಿ ಬೇಕಾದರೆ ಶಿಲುಬೆಯ ಗೆರೆಯನ್ನನುಸರಿಸಿ ನಾಣ್ಯವನ್ನು ಎರಡು ತುಂಡು ಮಾಡುವರು. ಕಾಲು ಬೇಕಾದರೆ ನಾಲ್ಕು. ‘ಫಾರ್ದಿಂಗ್’ ಎಂಬ ಹೆಸರಿನ ಅರ್ಥವೇ ನಾಲ್ಕನೆಯ ಒಂದು ಪಾಲು. ಹೀಗೆ ಕಡಿದ ತುಂಡುಗಳು ಇಂದಿಗೂ ಹೊಲಗಳಲ್ಲಿ ಯಥೇಚ್ಛವಾಗಿ ಸಿಗುತ್ತವೆ. ಅರಮನೆಯ ಲೆಕ್ಕ ಪೌಂಡುಗಳಲ್ಲಿ ನಡೆದರೆ ಬಡವನ ಸಂತೆಯ ಲೆಕ್ಕ ಈ ಕಾಲು ತುಂಡಿನಲ್ಲಿ ನಡೆಯಿತು.

ಇನ್ನು ಹೆಸರಿನ ತೊಡಕು. ಗಿಡ್ಡ ಶಿಲುಬೆಯ ಪೆನ್ನಿಗಳ ಮೇಲೆ ೬೭ ವರ್ಷಗಳ ಕಾಲವೂ ‘ಹೆನ್ರಿಕಸ್ ರೆಕ್ಸ್’ ಎಂದೇ ಇದೆ. ಆ ಅವಧಿಯಲ್ಲಿ ಎರಡನೆಯ ಹೆನ್ರಿ ತೀರಿಕೊಂಡು, ಹತ್ತು ವರ್ಷ ರಿಚರ್ಡನೂ, ಹದಿನೇಳು ವರ್ಷ ಜಾನನೂ ಆಳಿ, ಮೂರನೆಯ ಹೆನ್ರಿ ಪಟ್ಟಕ್ಕೆ ಬಂದನು. ಜನರಿಗೆ ಪರಿಚಿತವಾದ ನಾಣ್ಯವನ್ನು ಬದಲಿಸಿದರೆ ನಂಬಿಕೆ ಹೋದೀತೆಂದೋ ಏನೋ, ಇಂಗ್ಲೆಂಡಿನ ಪೆನ್ನಿಯ ಮೇಲೆ ರಿಚರ್ಡನ ಹೆಸರೂ ಇಲ್ಲ, ಜಾನನ ಹೆಸರೂ ಇಲ್ಲ. ಹಾಗಾದರೆ ಯಾವುದು ಯಾರದು? ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರು ಇದರ ಮೇಲೆ ಬಿರುಸಾಗಿ ವಾದಿಸಿದರು. ೧೮೬೪ರಲ್ಲಿ ಮ್ಯಾಂಚೆಸ್ಟರಿನ ಬಳಿಯ ಎಕಲ್ಸ್ ಎಂಬಲ್ಲಿ ಆರು ಸಾವಿರಕ್ಕೂ ಹೆಚ್ಚು ಪೆನ್ನಿಗಳ ನಿಧಿಯೊಂದು ಸಿಕ್ಕಿತು. ಮರುವರ್ಷ ಜಾನ್ ಎವನ್ಸ್ ಎಂಬ ವಿದ್ವಾಂಸರು ಅಕ್ಷರಗಳ ರೂಪ, ಗುಂಗುರುಕೂದಲಿನ ಎಣಿಕೆ, ಗಡ್ಡದ ಚುಕ್ಕೆ, ಕಮ್ಮಟಿಗರ ಹೆಸರು ಮುಂತಾದುವನ್ನು ಹೋಲಿಸಿ ಅವುಗಳನ್ನು ಐದು ವರ್ಗಗಳಾಗಿ ವಿಂಗಡಿಸಿದರು. ನಂತರ ಬಂದವರು ಅದನ್ನು ಎಂಟು ವರ್ಗಗಳಾಗಿ ಹಿಗ್ಗಿಸಿದರು. ಇಲ್ಲಿನ ಯುಕ್ತಿ ಸರಳವಾದುದು. ಒಂದು ನಿಧಿಯಲ್ಲಿ ಒಂದು ಬಗೆ ಹೇರಳವಾಗಿದ್ದು ಇನ್ನೊಂದು ಬಗೆ ಒಂದೂ ಇಲ್ಲದಿದ್ದರೆ, ಆ ಎರಡನೆಯದು ನಿಧಿಯನ್ನು ಹೂತ ಮೇಲೆ ಹುಟ್ಟಿರಬೇಕು. ಒಂದೇ ಮಡಕೆಯಲ್ಲಿ ಸವೆದದ್ದು ಹಳೆಯದು, ಹೊಳಪುಳ್ಳದ್ದು ಹೊಸದು. ಇಂತಹ ಹಲವು ನಿಧಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಇಸವಿಯಿಲ್ಲದ ನಾಣ್ಯಗಳೂ ಸಾಲಾಗಿ ನಿಲ್ಲುತ್ತವೆ.

ಒಂದು ಉದಾಹರಣೆ ಕೊಡುವೆನು. ೧೨೦೫ರಲ್ಲಿ ಜಾನ್ ಅರಸನು ಸವೆದ ನಾಣ್ಯವನ್ನೆಲ್ಲ ಹಿಂತೆಗೆಸಿ ಹೊಸದಾಗಿ ಹಾಕಿಸಿದನು. ಆಗಿನ ಅಚ್ಚುಗಳ ಮೇಲೆ ಕೆಲವು ಕಾಲ ‘ಎಸ್’ ಅಕ್ಷರವು ತಿರುಗುಮುರುಗಾಗಿದೆ. ನಿಮ್ಮ ಮುಂದಿರುವ ಗಿಡ್ಡ ಶಿಲುಬೆಯ ಪೆನ್ನಿಯಲ್ಲಿ ಹೆನ್ರಿಕಸ್ ಎಂಬುದರ ಕೊನೆಯ ‘ಎಸ್’ ಹೀಗೆ ತಿರುಗಿದ್ದರೆ, ಹೆಸರು ಹೆನ್ರಿಯದಾದರೂ ಅದು ಜಾನನ ಕಾಲದ್ದು.

ಉದ್ದ ಶಿಲುಬೆಯಲ್ಲಿ ಈ ತೊಡಕು ಕಡಮೆ. ಮೂರನೆಯ ಹೆನ್ರಿ ತನ್ನ ಹೆಸರಿನ ಮುಂದೆ ‘ಮೂರನೆಯವನು’ ಎಂದು ಬರೆಯಿಸಿದನು. ಇಂಗ್ಲಿಷ್ ನಾಣ್ಯದ ಮೇಲೆ ಅರಸನ ಸಂಖ್ಯೆ ಬಂದದ್ದು ಆಗಲೇ ಮೊದಲು. ೧೨೭೯ರಲ್ಲಿ ಎಡ್ವರ್ಡನು ಕಮ್ಮಟದ ವ್ಯವಸ್ಥೆಯನ್ನೇ ಬದಲಿಸಿ, ಕಮ್ಮಟಿಗರ ಹೆಸರನ್ನು ತೆಗೆದುಹಾಕಿ, ಊರಿನ ಹೆಸರನ್ನು ಮಾತ್ರ ಉಳಿಸಿದನು. ಸೇಂಟ್ ಎಡ್ಮಂಡರ ಊರಿನಲ್ಲಿ ಮಾತ್ರ ರಾಬರ್ಟ್ ಎಂಬ ಕಮ್ಮಟಿಗನ ಹೆಸರು ಸ್ವಲ್ಪ ಕಾಲ ಉಳಿಯಿತು. ‘ಸಿವಿಟಾಸ್ ಲಂಡನ್’ ಎಂದರೆ ಲಂಡನ್ ನಗರ. ‘ಸಿವಿಟಾಸ್ ಕಾಂಟೋರ್’ ಕ್ಯಾಂಟರ್ಬರಿ. ‘ಸಿವಿಟಾಸ್ ಎಬೊರಾಸಿ’ ಯಾರ್ಕ್. ‘ವಿಲ್ಲಾ’ ಎಂದು ತೊಡಗಿದರೆ ನಗರವಲ್ಲದ ಪಟ್ಟಣ. ಆಗಲೇ ದುಂಡಗಿನ ಅರ್ಧ ಪೆನ್ನಿ, ಫಾರ್ದಿಂಗುಗಳೂ, ನಾಲ್ಕು ಪೆನ್ನಿ ಬೆಲೆಯ ಗ್ರೋಟ್ ಎಂಬ ದೊಡ್ಡ ನಾಣ್ಯವೂ ಹೊರಟುವು. ಗ್ರೋಟನ್ನು ಜನರು ಅಷ್ಟಾಗಿ ಚಲಾಯಿಸಲಿಲ್ಲ. ಉಳಿದುಬಂದಿರುವ ಎಷ್ಟೋ ಗ್ರೋಟುಗಳ ಮೇಲೆ ಚಿನ್ನದ ನೀರೂ ಕೊಂಡಿಯ ಗುರುತೂ ಇವೆ, ಅಂದರೆ ಅವನ್ನು ಒಡವೆಯಾಗಿ ತೊಟ್ಟಿದ್ದರು. ಬೆಳ್ಳಿಯ ರೂಪಾಯಿಗೆ ಕೊಂಡಿ ಹಾಕಿಸಿ ಸರ ಮಾಡಿಕೊಂಡ ನಮ್ಮ ಅಜ್ಜಿಯರಿಗೆ ಇದು ಹೊಸತಲ್ಲ.

ಎಡ್ವರ್ಡರು ಮೂವರು ಒಬ್ಬರಾದ ಮೇಲೊಬ್ಬರು ಬಂದುದರಿಂದ ಮತ್ತೆ ಗೊಂದಲ. ಸ್ಥೂಲವಾಗಿ, ಹೆಸರು ‘ಎಡ್ವ್’ ಎಂದು ಮೂರೇ ಅಕ್ಷರಗಳಲ್ಲಿದ್ದರೆ ಒಂದನೆಯವನು, ‘ಎಡ್ವ’ ಎಂದು ನಾಲ್ಕು ಅಕ್ಷರಗಳಿದ್ದರೆ ಎರಡನೆಯವನು, ‘ಎಡ್ವರ್ಡಸ್’ ಎಂದು ಪೂರ್ತಿಯಾಗಿದ್ದರೆ ಮೂರನೆಯವನು. ಅಪವಾದಗಳುಂಟು, ೧೩೦೦ರ ಸುಮಾರಿನಿಂದ ೧೩೧೦ರವರೆಗಿನ ಪೆನ್ನಿಗಳಲ್ಲಿ ಈ ಸೂತ್ರ ಕೈಕೊಡುತ್ತದೆ. ಅಲ್ಲಿ ಕಿರೀಟದ ಎಸಳುಗಳ ಆಕಾರವನ್ನೇ ನೋಡಬೇಕು. ಮೂರನೆಯ ಎಡ್ವರ್ಡನ ಗ್ರೋಟುಗಳಲ್ಲಿ ರಾಜಕಾರಣವೇ ಕಾಣುತ್ತದೆ. ಅವನು ೧೩೪೦ರಲ್ಲಿ ಫ್ರಾನ್ಸಿನ ಸಿಂಹಾಸನವೂ ತನ್ನದೆಂದು ಸಾರಿದುದರಿಂದ ನಾಣ್ಯದ ಮೇಲೆ ಫ್ರಾನ್ಸಿನ ಹೆಸರು ಬಂದಿತು. ೧೩೬೦ರ ಸಂಧಿಯ ಅನಂತರ ಅದು ಮರೆಯಾಗಿ ಅಕ್ವಿಟೇನಿನ ಹೆಸರು ಸೇರಿತು. ೧೩೬೯ರಲ್ಲಿ ಯುದ್ಧ ಮರಳಿ ತೊಡಗಿದಾಗ ಫ್ರಾನ್ಸ್ ಮರಳಿ ಬಂದಿತು.

ತಕ್ಕಡಿಯೂ ಒಳ್ಳೆಯ ಸಾಕ್ಷಿ. ೧೨೭೯ರ ಪೆನ್ನಿ ಸುಮಾರು ೧.೪ ಗ್ರಾಂ, ೧೩೫೧ರಿಂದ ಸುಮಾರು ೧.೧೭, ೧೪೧೨ರಿಂದ ೦.೯೭, ೧೪೬೪ರಿಂದ ೦.೭೮. ಬೆಳ್ಳಿಯ ಶುದ್ಧತೆಯನ್ನು ಕೆಡಿಸದೆ ತೂಕವನ್ನು ಮಾತ್ರ ಇಳಿಸಿದರು. ಆದುದರಿಂದ ಬರಹ ಅಳಿಸಿಹೋದರೂ, ಅಂಚು ಕತ್ತರಿಸದ ನಾಣ್ಯದ ಕಾಲವನ್ನು ತೂಕದಿಂದ ಒಂದಷ್ಟು ಊಹಿಸಬಹುದು. ನೆರೆಯ ದೇಶಗಳ ಪೆನ್ನಿಗಳೂ ಇವುಗಳೊಡನೆ ಬೆರೆತು ಸಿಗುತ್ತವೆ: ೧೨೮೦ರ ಸುಮಾರಿನಿಂದ ಸ್ಕಾಟ್ಲೆಂಡಿನ ಅರಸನ ಮುಖ ಪಕ್ಕಕ್ಕೆ ತಿರುಗಿ ಹಿಂಬದಿಯಲ್ಲಿ ನಕ್ಷತ್ರಗಳಿರುತ್ತವೆ, ಐರ್ಲೆಂಡಿನದರಲ್ಲಿ ಅರಸನ ಮುಖವು ತ್ರಿಕೋನದೊಳಗಿರುತ್ತದೆ.

ಇಷ್ಟೊಂದು ಬೆಳ್ಳಿ ಎಲ್ಲೆಲ್ಲಿಗೆ ಹೋಯಿತು? ಡೇನರ ದಾಳಿಯನ್ನು ತಡೆಯಲಾರದ ಈಥೆಲ್‌ರೆಡ್ ಅರಸನು ೯೯೧ರಲ್ಲಿ ೧೦,೦೦೦ ಪೌಂಡು, ೧೦೧೨ರಲ್ಲಿ ೪೮,೦೦೦ ಪೌಂಡು ಕಪ್ಪವನ್ನು ಕೊಟ್ಟನೆಂದು ವೃತ್ತಾಂತವು ಹೇಳುತ್ತದೆ. ಎರಡನೆಯದು ಒಂದು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಪೆನ್ನಿಗಳ ಲೆಕ್ಕ. ಆ ಅರಸನ ಪೆನ್ನಿಗಳು ಇಂಗ್ಲೆಂಡಿನಲ್ಲಿ ಸಿಕ್ಕಿದುದಕ್ಕಿಂತ ಸ್ವೀಡನ್ನಿನ ಮಣ್ಣಿನಲ್ಲಿ ಹೆಚ್ಚಾಗಿ ಸಿಕ್ಕಿವೆ.

ಸಂಗ್ರಹದ ವಿಷಯವಾಗಿ ಎರಡು ಮಾತು. ಮನೆಯಲ್ಲಿ ಬೆಳ್ಳಿಯ ದೀಪವನ್ನು ವಿಭೂತಿಯಿಂದಲೋ ಹುಣಸೆಹುಳಿಯಿಂದಲೋ ತಿಕ್ಕಿ ಬೆಳಗುವಂತೆ ಹಳೆಯ ನಾಣ್ಯವನ್ನು ಎಂದಿಗೂ ತಿಕ್ಕಬಾರದು. ಕಪ್ಪಾದ ಪೊರೆಯು ಅದನ್ನು ಕಾಪಾಡುತ್ತದೆ. ತಿಕ್ಕಿದರೆ ಪೊರೆಯೊಡನೆ ಅಕ್ಷರವೂ ಹೋಗುತ್ತದೆ. ಖೋಟಾ ನಾಣ್ಯಗಳು ಬಹಳವಿವೆ. ಎರಕ ಹೊಯ್ದ ನಕಲಿನ ಮೈಮೇಲೆ ಗುಳ್ಳೆಯೊಡೆದ ಸಣ್ಣ ಕುಳಿಗಳೂ, ಅಂಚಿನಲ್ಲಿ ಎರಡು ಪಡಿಯಚ್ಚು ಕೂಡಿದ ಗೆರೆಯೂ ಕಾಣುತ್ತವೆ. ಎರಡು ನಾಣ್ಯಗಳಲ್ಲಿ ಒಂದೇ ಕಡೆ ಒಂದೇ ಸೀಳು, ಒಂದೇ ಸವೆತ ಇದ್ದರೆ ಎರಡನ್ನೂ ಸಂಶಯಿಸಬೇಕು. ಸುತ್ತಿಗೆಯ ಏಟು ಹಾಗೆ ಬೀಳುವುದಿಲ್ಲ.

ಆದರೆ ಖೋಟಾ ನಾಣ್ಯಕ್ಕಿಂತ ಹೆಚ್ಚಿನ ಹಾನಿ ಬೇರೊಂದಿದೆ. ೨೦೧೫ರಲ್ಲಿ ಇಂಗ್ಲೆಂಡಿನಲ್ಲಿ ಲೋಹಶೋಧಕ ಯಂತ್ರದಿಂದ ಎರಡು ನಿಧಿಗಳು ಸಿಕ್ಕಿದುವು; ಎರಡೂ ಒಂಬತ್ತನೆಯ ಶತಮಾನದವು, ಎರಡರಲ್ಲಿಯೂ ವೆಸೆಕ್ಸಿನ ಆಲ್ಫ್ರೆಡ್ ಮತ್ತು ಮರ್ಸಿಯದ ಎರಡನೆಯ ಚೆಯೊಲ್ವುಲ್ಫ್ ಎಂಬ ಅರಸರ ಪೆನ್ನಿಗಳಿದ್ದುವು. ಆಲ್ಫ್ರೆಡನ ರಾಜ್ಯದಲ್ಲಿ ಬರೆದ ವೃತ್ತಾಂತವು ಚೆಯೊಲ್ವುಲ್ಫನನ್ನು ಮೂಢನೆಂದೂ ವೈಕಿಂಗರ ಕೈಗೊಂಬೆಯೆಂದೂ ಹೀನಾಯವಾಗಿ ಕಾಣಿಸಿದೆ. ನಾಣ್ಯಗಳಾದರೋ ಇಬ್ಬರೂ ಒಂದೇ ಮಾದರಿಯನ್ನು, ಜೊತೆಯಾಗಿ ಕುಳಿತ ಇಬ್ಬರು ಚಕ್ರವರ್ತಿಗಳ ಚಿತ್ರವನ್ನು, ಟಂಕಿಸಿದರೆಂದು ತೋರಿಸುತ್ತವೆ. ಅಂದರೆ ಅವರು ಒಂದು ಕಾಲಕ್ಕೆ ಮಿತ್ರರು. ಈ ಮಾದರಿಯ ಪೆನ್ನಿ ಅಲ್ಲಿಯವರೆಗೆ ಒಬ್ಬೊಬ್ಬ ಅರಸನದು ಒಂದೊಂದೇ ತಿಳಿದಿದ್ದಿತು. ಆಕ್ಸ್‌ಫರ್ಡ್ ಸೀಮೆಯ ವಾಟ್ಲಿಂಗ್ಟನ್ನಿನ ನಿಧಿಯನ್ನು ಕಂಡವನು ಕೂಡಲೇ ತಿಳಿಸಿದನು; ಸುಮಾರು ೨೦೦ ನಾಣ್ಯಗಳನ್ನು ಆಶ್ಮೋಲಿಯನ್ ವಸ್ತುಸಂಗ್ರಹಾಲಯವು ೨೦೧೭ರಲ್ಲಿ ಹದಿಮೂರೂವರೆ ಲಕ್ಷ ಪೌಂಡು ಕೊಟ್ಟು ಪಡೆಯಿತು. ಲೆಮ್‌ಸ್ಟರ್ ಬಳಿಯ ನಿಧಿಯನ್ನು ಕಂಡ ಇಬ್ಬರು ಅದನ್ನು ಮುಚ್ಚಿಟ್ಟು ಗುಟ್ಟಾಗಿ ಮಾರಿದರು. ಸುಮಾರು ೩೦೦ ನಾಣ್ಯಗಳಿದ್ದುವೆಂದು ನಂಬಲಾಗಿದೆ. ಕೈಗೆ ಬಂದುವು ಸುಮಾರು ೩೦. ೨೦೧೯ರಲ್ಲಿ ಅವರಿಗೆ ದೀರ್ಘ ಸೆರೆವಾಸವಾಯಿತು. ಉಳಿದ ನಾಣ್ಯಗಳು ಇನ್ನೆಲ್ಲಿಯಾದರೂ ಸಿಕ್ಕಿದರೂ ಅವು ಆ ಮಡಕೆಯಲ್ಲಿ ಯಾವುದರ ಜೊತೆಗಿದ್ದುವೆಂಬುದನ್ನು ಹೇಳಲಾರವು. ಅಲ್ಲಿನ ೧೯೯೬ರ ಶಾಸನದಂತೆ ನಿಧಿಯನ್ನು ಕಂಡವನು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕು. ವಸ್ತುಸಂಗ್ರಹಾಲಯವು ಕೊಂಡರೆ ಬೆಲೆಯ ಪಾಲು ಅವನಿಗೆ ಸಲ್ಲುವುದು. ನಮ್ಮ ದೇಶದಲ್ಲಿಯೂ ನಿಧಿಗಳ ಬಗೆಗೆ ೧೮೭೮ರಷ್ಟು ಹಿಂದೆಯೇ ಶಾಸನವಾಗಿದೆ. ಹೊಲ ಉಳುವಾಗಲೋ ಅಡಿಪಾಯ ತೋಡುವಾಗಲೋ ಹಳೆಯ ನಾಣ್ಯಗಳು ಕಂಡರೆ, ಅವುಗಳನ್ನು ಹಂಚಿಕೊಳ್ಳದೆ, ತೊಳೆಯದೆ, ಸಿಕ್ಕಿದ ಜಾಗವನ್ನು ಗುರುತುಹಾಕಿ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಇನ್ನು ಅಭ್ಯಾಸಕ್ಕಾಗಿ ಎರಡು ನಾಣ್ಯಗಳು. ಮೊದಲನೆಯದು: ತೂಕ ೧.೪ ಗ್ರಾಂ, ತ್ರಿಕೋನದೊಳಗೆ ಕಿರೀಟ ಧರಿಸಿದ ಮುಖ, ಹೆಸರು ‘ಎಡ್ವ್’, ಹಿಂಬದಿಯಲ್ಲಿ ಅಂಚನ್ನು ಮುಟ್ಟುವ ತುಂಬುಗೆರೆಯ ಶಿಲುಬೆ, ಮೂಲೆಗೆ ಮೂರು ಚುಕ್ಕೆ, ‘ಸಿವಿಟಾಸ್ ಡಬ್ಲಿನಿಯೆ’ ಎಂಬ ಬರಹ. ಎರಡನೆಯದು: ಸರಿಯಾಗಿ ನಡುವೆ ಕಡಿದ ಅರ್ಧ ತುಂಡು, ಅಂಚನ್ನು ಮುಟ್ಟುವ ಜೋಡಿಗೆರೆಯ ಶಿಲುಬೆ, ಮುಂಬದಿಯಲ್ಲಿ ಉಳಿದಿರುವುದು ‘ರಿಕಸ್ ರೆಕ್ಸ್’ ಎಂಬಷ್ಟೇ. ಇವು ಯಾವ ದೇಶದವು, ಯಾವ ಅರಸನ ಕಾಲದವು, ಎರಡನೆಯದಕ್ಕೆ ಅಂದಿನ ಸಂತೆಯಲ್ಲಿ ಎಷ್ಟು ಬೆಲೆ ಎಂಬುದನ್ನು ಕಾರಣಸಹಿತವಾಗಿ ಬರೆದು ನಿಮ್ಮ ಇತಿಹಾಸದ ಉಪಾಧ್ಯಾಯರಿಗೆ ತೋರಿಸಿರಿ.